ಪಿಐಡಿ ಕಂಟ್ರೋಲರ್ ಮತ್ತು ಕೆ-ಟೈಪ್ ಸೆನ್ಸರ್: ಧಾರವಾಡದ ಕುಂಬಾರಿಕೆ ಭಟ್ಟಿಯಲ್ಲಿ ದೀರ್ಘ ಬಳಕೆಯ ಬಳಿಕ

ಬಳಕೆಯಲ್ಲಿರುವ ಸೆಟ್ ಇದು: 6 ಕಿಲೋವ್ಯಾಟ್ ಸಿಂಗಲ್ ಫೇಸ್ ಕರೆಂಟ್ ಭಟ್ಟಿ, 48 ಮಿ.ಮೀ. ಚೌಕದ ರ‍್ಯಾಂಪ್-ಸೋಕ್ ಪಿಐಡಿ ಕಂಟ್ರೋಲರ್ (ಹಂತಹಂತವಾಗಿ ಏರಿಸಿ, ಹೇಳಿದ ಉಷ್ಣತೆಯಲ್ಲಿ ನಿಲ್ಲಿಸುವ ಪೆಟ್ಟಿಗೆ), ಕೆ-ಟೈಪ್ ಥರ್ಮೋಕಪಲ್ (ಉಷ್ಣತೆ ಅಳೆಯುವ, ಎರಡು ಲೋಹದ ತಂತಿಯ ಸೆನ್ಸರ್), ಕಂಟ್ರೋಲರ್ ಹೇಳಿದಂತೆ ಕಾಯಿಲಿಗೆ ಕರೆಂಟು ಬಿಡುವ-ತಡೆಯುವ 60 ಆಂಪಿಯರ್ ಸಾಲಿಡ್ ಸ್ಟೇಟ್ ರಿಲೇ ಅಥವಾ ಎಸ್‌ಎಸ್‌ಆರ್. ಬಿಸ್ಕ್ (ಮೊದಲ ಸುಡುವಿಕೆ) 1000 ಡಿಗ್ರಿಗೆ, ಗ್ಲೇಜ್ (ಗಾಜಿನಂಥ ಲೇಪ ಹಚ್ಚಿದ ಮೇಲಿನ ಸುಡುವಿಕೆ) 1220ರ ಸುತ್ತ. ಧಾರವಾಡದ ಹಲವು ಮಳೆಗಾಲ ಕಂಡ ಸೆಟ್.

ಕಂಟ್ರೋಲರ್ ಬಗ್ಗೆ ದೂರಿಲ್ಲ. ಅರ್ಧ ತುಂಬಿದ ಭಟ್ಟಿಯಲ್ಲಿ 600-700 ಡಿಗ್ರಿಗೆ ಒಮ್ಮೆ ಆಟೋಟ್ಯೂನ್ (ಕಂಟ್ರೋಲರ್ ತಾನೇ ಭಟ್ಟಿಗೆ ಹೊಂದಿಕೊಳ್ಳುವ ಸೆಟ್ಟಿಂಗ್) ಮಾಡಿಬಿಟ್ಟರೆ ಹೇಳಿದ ಉಷ್ಣತೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅಂಗಡಿಯಲ್ಲಿ ‘ಗುಂಡಿ ಒತ್ತಿ ಮಲ್ಕೋರಿ’ ಅಂದರೆ ನಂಬಬೇಡಿ. ಈ ಪೆಟ್ಟಿಗೆ ಭಟ್ಟಿಯನ್ನು ನಡೆಸುತ್ತದೆ, ಕಾವಲು ಕಾಯುವುದಿಲ್ಲ. ಕಾವಲಿನ ಸಾಮಾನು ಸೆಟ್ಟಿನಲ್ಲಿ ಬರುವುದೇ ಇಲ್ಲ, ಬೇರೆ ಕೊಳ್ಳಬೇಕು.

ಕಾರಣ ಎಸ್‌ಎಸ್‌ಆರ್. ಅದು ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಕಂಟ್ರೋಲರ್ ‘ಸಾಕು’ ಅಂದರೂ ಕರೆಂಟು ಹರಿಯುತ್ತಲೇ ಇರುತ್ತದೆ. ಡಿಸ್‌ಪ್ಲೇಯಲ್ಲಿ ಅಂಕಿ ಏರುವುದು ಕಾಣುತ್ತದೆ, ತಡೆಯುವವರಿಲ್ಲ. ಬೆಳಿಗ್ಗೆ ನೋಡಿದರೆ ಗ್ಲೇಜ್ ಕರಗಿ ಶೆಲ್ಫಿಗೆ ಅಂಟಿರುತ್ತದೆ, ಕಾಯಿಲ್ ಜೋತುಬಿದ್ದಿರುತ್ತದೆ. ಆದ್ದರಿಂದ ಎಸ್‌ಎಸ್‌ಆರ್‌ಗಿಂತ ಮುಂಚೆ 40 ಆಂಪಿಯರ್ ಕಾಂಟ್ಯಾಕ್ಟರ್ (ತನ್ನ ಕಾಯಿಲಿಗೆ ಕರೆಂಟು ಇದ್ದಾಗ ಮಾತ್ರ ಭಟ್ಟಿಗೆ ಕರೆಂಟು ಬಿಡುವ ದೊಡ್ಡ ಸ್ವಿಚ್) ಒಂದು ಇರಲೇಬೇಕು. ಅದರ ಕಾಯಿಲ್ ಸರ್ಕ್ಯೂಟ್ ಎರಡು ಕಡೆ ಹಾದು ಬರಲಿ: ಭಟ್ಟಿ ಮುಚ್ಚಳದ ಲಿಮಿಟ್ ಸ್ವಿಚ್, ಮತ್ತು ತನ್ನದೇ ಥರ್ಮೋಕಪಲ್ ಇರುವ ಎರಡನೇ ಕಂಟ್ರೋಲರ್. ಒಂದೇ ಸೆನ್ಸರನ್ನು ಎರಡಕ್ಕೂ ಹಂಚಿದರೆ ಕಾವಲು ಇದ್ದೂ ಇಲ್ಲದ ಹಾಗೆ. ಎರಡನೆಯದನ್ನು ಆ ಸುಡುವಿಕೆಯ ಗರಿಷ್ಠಕ್ಕಿಂತ 25-30 ಡಿಗ್ರಿ ಮೇಲಿಟ್ಟು, ಒಮ್ಮೆ ಕಡಿದರೆ ಕೈಯಿಂದ ರಿಸೆಟ್ ಮಾಡುವವರೆಗೆ ಕಡಿದೇ ಇರುವಂತೆ ಲ್ಯಾಚ್ ಹಾಕಿ. ಎಲ್ಲ ಸರಿ ಇದ್ದಾಗ ಅದರ ರಿಲೇ ಎಳೆದುಕೊಂಡಿರಬೇಕು, ಅಂದರೆ ಆನ್ ಇರಬೇಕು. ಆಗ ಆ ಕಂಟ್ರೋಲರ್ ಸತ್ತರೂ ಕಾಂಟ್ಯಾಕ್ಟರ್ ಬಿದ್ದು ಕರೆಂಟು ಕಡಿಯುತ್ತದೆ.

ಎಸ್‌ಎಸ್‌ಆರ್‌ನ ಇನ್ನೊಂದು ಗುಣ: ಆಫ್ ಇದ್ದಾಗಲೂ ಅದರಲ್ಲಿ ಕೆಲವು ಮಿಲಿಆಂಪಿಯರ್ ಸೋರುತ್ತದೆ. ಕಂಟ್ರೋಲರ್ ಆಫ್ ಮಾಡಿ ಭಟ್ಟಿಯ ಕಾಯಿಲಿಗೆ ಟೆಸ್ಟರ್ ಹಚ್ಚಿ ನೋಡಿ, ದೀಪ ಮಿಣುಕುತ್ತದೆ. ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸದೆ ಒಳಗೆ ಕೈ ಹಾಕಬೇಡಿ. 26 ಆಂಪಿಯರ್ ಹರಿಯುವಾಗ ಎಸ್‌ಎಸ್‌ಆರ್ ಒಂದೇ ಸುಮಾರು 30 ವ್ಯಾಟ್ ಶಾಖ ಬಿಡುತ್ತದೆ. ದೊಡ್ಡ ಹೀಟ್‌ಸಿಂಕ್, ಥರ್ಮಲ್ ಪೇಸ್ಟ್, ಗಾಳಿಯಾಡುವ ಪೆಟ್ಟಿಗೆ ಬೇಕು. ತಂತಿ 6 ಚದರ ಮಿ.ಮೀ. ತಾಮ್ರ, 32 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಭಟ್ಟಿಯ ತಗಡಿಗೆ ಅರ್ಥಿಂಗ್. ಆರ್‌ಸಿಸಿಬಿ ಅಂದರೆ ಕರೆಂಟು ಸೋರಿದರೆ ಕಡಿಯುವ ಬ್ರೇಕರ್.

ಸೆನ್ಸರ್ ವಿಷಯದಲ್ಲಿ ಕಾಸು ಉಳಿಸಬೇಡಿ. ಸ್ಟೀಲ್ ಕವಚದ ತೆಳು ಥರ್ಮೋಕಪಲ್ 1200 ದಾಟಿದರೆ ಕರಿ ಪೊರೆ ಬಿಡುತ್ತದೆ, ಅದು ಉದುರಿ ಗ್ಲೇಜಿನ ಮೇಲೆ ಕೂರುತ್ತದೆ. ಮೂರು ಮಿ.ಮೀ. ದಪ್ಪ ತಂತಿಯದು, ಅಲ್ಯೂಮಿನಾ ಕೊಳವೆಯೊಳಗಿನದು ಬಾಳುತ್ತದೆ. ತುದಿ ಗೋಡೆಯಿಂದ 25-50 ಮಿ.ಮೀ. ಒಳಗೆ ಚಾಚಿರಲಿ, ಕಾಯಿಲ್, ಶೆಲ್ಫ್, ಮಡಕೆ ಯಾವುದಕ್ಕೂ ತಾಗಬಾರದು. ಕೊಳವೆ ಜಾರಿ ಹೊರಬಂದರೆ ಅಪಾಯ ಜಾಸ್ತಿ. ತಂತಿ ಕಡಿದರೆ ಕಂಟ್ರೋಲರಿಗೆ ಗೊತ್ತಾಗುತ್ತದೆ, ಎರರ್ ತೋರಿಸಿ ನಿಲ್ಲುತ್ತದೆ. ಜಾರಿದರೆ ಭಟ್ಟಿ ತಣ್ಣಗಿದೆ ಎಂದೇ ತಿಳಿದು ಪೂರಾ ಕರೆಂಟು ಕೊಡುತ್ತದೆ. ಕ್ಲ್ಯಾಂಪ್ ಬಿಗಿ ಇದೆಯಾ ಎಂದು ಪ್ರತಿ ಸಲ ನೋಡಿ.

ಸೆನ್ಸರಿನಿಂದ ಪೆಟ್ಟಿಗೆಯವರೆಗೆ ಕೆ-ಟೈಪ್ ಕೇಬಲ್ಲೇ ಬೇಕು. ತಾಮ್ರದ ತಂತಿ ಹಾಕಿದರೆ ಸೆನ್ಸರಿನ ತಲೆ (ಭಟ್ಟಿಯ ಹೊರಗೆ ತಂತಿ ಜೋಡಿಸುವ ತುದಿ) ಎಷ್ಟು ಬಿಸಿಯೋ ಅದಕ್ಕೆ ತಕ್ಕಂತೆ ಲೆಕ್ಕ ತಪ್ಪುತ್ತದೆ: ತಲೆ 80, ಪೆಟ್ಟಿಗೆ 35 ಇದ್ದರೆ ಸುಮಾರು 45 ಡಿಗ್ರಿ ಕಡಿಮೆ ತೋರಿಸುತ್ತದೆ, ಭಟ್ಟಿ ಅಷ್ಟು ಮೇಲೇರಿರುತ್ತದೆ. ಬಣ್ಣದ ಗೊಂದಲವೂ ಇದೆ. ಹಳದಿ-ಕೆಂಪು ಕೇಬಲಿನಲ್ಲಿ ಕೆಂಪೇ ಮೈನಸ್! ಮನೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಅದನ್ನು ಪ್ಲಸ್ಸಿಗೆ ಹಾಕುವುದೇ ಹೆಚ್ಚು. ಹಸಿರು-ಬಿಳಿಯದಾದರೆ ಹಸಿರು ಪ್ಲಸ್.

ಕೆ-ಟೈಪ್ ಸವೆಯುತ್ತ ಹೋದಂತೆ ಅಂಕಿ ಸುಳ್ಳಾಗುತ್ತದೆ. ಕರಿ ಮಡಕೆಗಾಗಿ ಹೊಗೆ ಕೊಡುವವರ ಭಟ್ಟಿಯಲ್ಲಿ ಇನ್ನೂ ಬೇಗ: ಆಮ್ಲಜನಕ ಕಡಿಮೆಯಾದಾಗ, 800ರಿಂದ 1050ರ ನಡುವೆ, ತಂತಿಯ ಕ್ರೋಮಿಯಂ ಕೊಳೆತು ರೀಡಿಂಗ್ ಇಳಿಯುತ್ತದೆ. ಹಾಗಾಗಿ ಪ್ರತಿ ಗ್ಲೇಜ್ ಸುಡುವಿಕೆಗೂ ಕೋನ್ (ಇಂತಿಷ್ಟು ಬೆಂದಾಗ ಬಾಗುವ ಸೆರಾಮಿಕ್ ಗುರುತು) ಇಡಿ. ಕೊನೆಯ ನೂರು ಡಿಗ್ರಿ ಗಂಟೆಗೆ 60ರಂತೆ ಏರಿದರೆ ಓರ್ಟನ್ ಬ್ರ್ಯಾಂಡಿನ 6ನೇ ಕೋನ್ 1222ಕ್ಕೆ ಬಾಗುತ್ತದೆ, 150ರಂತೆ ಏರಿದರೆ 1243ಕ್ಕೆ.

ವೇಗದ ಮಾತು ಇಲ್ಲಿ ಯಾಕೆಂದರೆ ನಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುವುದುಂಟು. 230 ಇರಬೇಕಾದ್ದು 200ಕ್ಕೆ ಬಂದರೆ 6 ಕಿಲೋವ್ಯಾಟಿನ ಭಟ್ಟಿ ನಾಲ್ಕೂವರೆಗೆ ಇಳಿಯುತ್ತದೆ. ಕೊನೆಯ ನೂರು ಡಿಗ್ರಿ ಎಳೆದಾಡುತ್ತದೆ, 1220 ಮುಟ್ಟುವಷ್ಟರಲ್ಲಿ ಗ್ಲೇಜ್ ಮೀರಿ ಬೆಂದಿರುತ್ತದೆ. ಗ್ಲೇಜ್ ಭಟ್ಟಿಯ ಕೊನೆಯ ಹಂತ ರಾತ್ರಿ ಹತ್ತರ ನಂತರ ಬೀಳುವಂತೆ ಹಚ್ಚುವುದು ಒಳ್ಳೆಯದು, ಜೊತೆಗೆ ಒಬ್ಬರು ಎಚ್ಚರ ಇರಬೇಕು. ಕರೆಂಟು ಹೋಗಿ ಬಂದಾಗ ಕಂಟ್ರೋಲರ್ ಏನು ಮಾಡಬೇಕೆಂಬ ಸೆಟ್ಟಿಂಗನ್ನೂ ಮೊದಲೇ ನೋಡಿ. ಕೆಲವು ಮಾಡೆಲ್ ಮೊದಲಿನಿಂದ ಶುರುಮಾಡುತ್ತವೆ. ನಿಂತು ಕಾಯುವ ಆಯ್ಕೆಯೇ ಸುರಕ್ಷಿತ.

ಮಿರಗದ ಮಳೆ ಶುರುವಾದರೆ ಇಟ್ಟಿಗೆ ತೇವ ಹೀರುತ್ತದೆ, ತಿಂಗಳು ನಿಂತ ಭಟ್ಟಿ ಹಚ್ಚಿದ ತಕ್ಷಣ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಕಿರಿಕಿರಿ ಅಂತ ಅದನ್ನು ಬೈಪಾಸ್ ಮಾಡಬೇಡಿ. ಒಳಗೆ 100 ವ್ಯಾಟಿನ ಹಳೇ ಬಲ್ಬ್ ಉರಿಸಿಟ್ಟು ಒಣಗಿಸಿ, ಬಲ್ಬ್ ತೆಗೆದು ಆಮೇಲೆ ಹಚ್ಚಿ. ಬಿಸ್ಕಿಗೆ 90 ಡಿಗ್ರಿಯಲ್ಲಿ ಎರಡು-ಮೂರು ತಾಸು ನಿಲ್ಲಿಸಿ, 573ರ ಆಸುಪಾಸು (ಮಣ್ಣಿನೊಳಗಿನ ಕ್ವಾರ್ಟ್ಜ್ ಒಮ್ಮೆಲೇ ಹಿಗ್ಗುವಲ್ಲಿ) ಗಂಟೆಗೆ 60-80 ಮೀರದಂತೆ ದಾಟಿಸಿ.

ಕಾಂಟ್ಯಾಕ್ಟರ್, ಎಸ್‌ಎಸ್‌ಆರ್ ಹುಬ್ಬಳ್ಳಿಯಲ್ಲೇ ಸಿಗುತ್ತವೆ. ದಪ್ಪ ತಂತಿಯ ಥರ್ಮೋಕಪಲ್ ಮತ್ತು ಕೋನ್ ಮಾತ್ರ ದೀಪಾವಳಿ ಪಣತಿಯ ಆರ್ಡರ್ ಶುರುವಾಗುವ ಮುಂಚೆ ತರಿಸಿಟ್ಟುಕೊಳ್ಳಿ.