ತಾರಸಿ ಟ್ಯಾಂಕಿನ ತಂತಿಗೆ ಯಾವ ಚಿಪ್?

ಪುಣೆಯ ಚಿಂಚವಾಡದ ನಮ್ಮ ಸೊಸೈಟಿಯಲ್ಲಿ ಎಂಟು ಕಟ್ಟಡಗಳು, ಎಂಟು ತಾರಸಿ ಟ್ಯಾಂಕುಗಳು. ಎಲ್ಲದರ ನೀರಿನ ಮಟ್ಟ ಒಂದೇ ಜೋಡಿ ತಂತಿಯಲ್ಲಿ ಪಂಪ್‌ಹೌಸಿಗೆ ತಲುಪಬೇಕು. ವಿದ್ಯುತ್ತಿಗೆ ಇರುವುದು ಸೌರಫಲಕ ಮತ್ತು 7 ಆಂಪಿಯರ್-ಅವರ್ ಬ್ಯಾಟರಿ. ಒಂದೇ ಜೋಡಿ ತಂತಿಯಲ್ಲಿ ಹಲವು ಸಾಧನಗಳು ಮಾತನಾಡುವ ಆರ್‌ಎಸ್-485 ಪದ್ಧತಿ ಎಂಬುದು ಮೊದಲೇ ತೀರ್ಮಾನವಾಗಿತ್ತು. ತಂತಿಗೆ ಸಂಕೇತ ಕಳಿಸಿ ಸ್ವೀಕರಿಸುವ ಚಿಪ್, ಅಂದರೆ ಟ್ರಾನ್ಸೀವರ್, ಯಾವುದೆಂಬುದಷ್ಟೇ ಬಾಕಿ. ನಾಲ್ಕು ಚಿಪ್‌ಗಳ ಎಂಟು ಕಾಲುಗಳ ಜೋಡಣೆಯೂ ಒಂದೇ ಆದ್ದರಿಂದ ಒಂದೇ ಸಾಕೆಟ್ಟಿನಲ್ಲಿ ಬದಲಾಯಿಸುತ್ತಾ ಅಳೆದೆ.

ಹಳೆಯ 75176 ಬೈಪೋಲಾರ್ ಚಿಪ್. ಸುಮ್ಮನೆ ಕೇಳಿಸಿಕೊಳ್ಳುತ್ತಾ ಕುಳಿತಾಗಲೇ 30 ಮಿಲಿಆಂಪಿಯರ್ ಆಸುಪಾಸು ನುಂಗುತ್ತದೆ. ಎಂಟಕ್ಕೆ 240, ಮೋಡ ಕವಿದ ಆಷಾಢದಲ್ಲಿ ಬ್ಯಾಟರಿ ಒಂದೂಕಾಲು ದಿನವೂ ಬಾಳುವುದಿಲ್ಲ. ಅದರ ಮಾತು ಅಲ್ಲಿಗೆ ಮುಗಿಯಿತು.

ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಕೇಳಿದರೆ ಎಲ್ಲರೂ ಮೊದಲು ಎತ್ತಿ ಕೊಡುವುದು ಮ್ಯಾಕ್ಸ್ 485 ಕೂರಿಸಿದ ಪುಟ್ಟ ಮಾಡ್ಯೂಲ್. ಸ್ವೀಕರಿಸುವಾಗ 300 ಮೈಕ್ರೊಆಂಪಿಯರ್, ಅಂದರೆ 75176ರ ನೂರನೇ ಒಂದು ಪಾಲು. ಆದರೆ ಆ ಮಾಡ್ಯೂಲನ್ನು ಭೂತಗನ್ನಡಿಯಲ್ಲಿ ನೋಡಬೇಕು: ತಂತಿ ಸಿಕ್ಕಿಸುವ ಹಸಿರು ಕನೆಕ್ಟರಿನ ಬಳಿ '121' ಎಂದು ಬರೆದ ರೋಧಕವಿದೆ. ಅದು ತುದಿಗೆ ಬಂದ ಸಂಕೇತ ಪ್ರತಿಫಲಿಸಿ ಮರಳದಂತೆ ತಡೆಯುವ 120 ಓಮ್‌ನ ಟರ್ಮಿನೇಷನ್. ತಂತಿಯ ಎರಡು ತುದಿಗಳಲ್ಲಿ ಮಾತ್ರ ಇರಬೇಕಾದದ್ದು ಎಂಟೂ ಮಾಡ್ಯೂಲ್‌ಗಳಲ್ಲಿ ಸಮಾನಾಂತರವಾಗಿ ಸೇರಿದರೆ ಉಳಿಯುವುದು 15 ಓಮ್. 54 ಓಮ್ ಹೊರೆಗೆ 1.5 ವೋಲ್ಟ್ ಕೊಡಲೆಂದು ಮಾಡಿದ ಚಾಲಕಕ್ಕೆ (ಚಿಪ್‌ನಲ್ಲಿ ಸಂಕೇತ ಕಳಿಸುವ ಭಾಗಕ್ಕೆ) ಇದು ಹೊರಲಾರದ ಹೊರೆ. ನಡುವಿನ ಆರನ್ನು ಬೆಸುಗೆ ಬಿಡಿಸಿ ತೆಗೆಯಲೇಬೇಕು.

ಮ್ಯಾಕ್ಸ್ 487 ಇನ್ನೂ ಮಿತಾಹಾರಿ: 120 ಮೈಕ್ರೊಆಂಪಿಯರ್. ಒಂದೇ ತಂತಿಗೆ 128 ಕೂರಬಹುದು. ವೇಗ ಸೆಕೆಂಡಿಗೆ 250 ಕಿಲೊಬಿಟ್‌ಗೆ ಸೀಮಿತ, ಸೆಕೆಂಡಿಗೆ 9600 ಬಿಟ್‌ನಲ್ಲಿ ಮಾತನಾಡುವ ಟ್ಯಾಂಕಿಗೆ ಅದೇ ಧಾರಾಳ. ಸಂಕೇತದ ಏರಿಳಿತ ನಿಧಾನವಾದಷ್ಟೂ ತಂತಿಯಲ್ಲಿ ಪ್ರತಿಫಲನದ ಕಾಟ ಕಡಿಮೆ. ನಿದ್ರಾಸ್ಥಿತಿಯಲ್ಲಿ 0.1 ಮೈಕ್ರೊಆಂಪಿಯರ್ ಎಂಬುದು ಕಣ್ಣು ಕುಕ್ಕುವ ಅಂಕಿ. ಆದರೆ ಮಲಗಿದವನಿಗೆ ಕರೆ ಕೇಳಿಸುವುದಿಲ್ಲ. ಪಂಪ್‌ಹೌಸ್ ಕೇಳಿದಾಗ ಉತ್ತರಿಸಬೇಕಾದ ಚಿಪ್‌ಗೆ ಆ ಅಂಕಿಯಿಂದ ಪ್ರಯೋಜನವಿಲ್ಲ.

ಕಾಗದದ ಮೇಲೆ 487 ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಯಾರೂ ಮಾತನಾಡದಿರುವಾಗ ಟರ್ಮಿನೇಷನ್‌ನಿಂದಾಗಿ ಎರಡು ತಂತಿಗಳ ನಡುವೆ ಹೆಚ್ಚುಕಡಿಮೆ ಸೊನ್ನೆ ವೋಲ್ಟ್ ಇರುತ್ತದೆ. 485, 487 ಎರಡಕ್ಕೂ ±200 ಮಿಲಿವೋಲ್ಟ್ ಒಳಗಿನದು ಒಂದೋ ಸೊನ್ನೆಯೋ ಎಂಬ ಖಾತರಿಯಿಲ್ಲ. ಪಂಪ್ ಚಾಲೂ ಆದೊಡನೆ ಪರದೆಯ ಮೇಲೆ ಅರ್ಥವಿಲ್ಲದ ಬೈಟ್‌ಗಳು ಉದುರುತ್ತಿದ್ದವು. ಮದ್ದು, ಸುಮ್ಮನಿರುವ ತಂತಿಯನ್ನು 'ಒಂದು' ಎಂಬ ಕಡೆಗೆ ಎಳೆದು ಹಿಡಿಯುವ ಬಯಾಸ್ ರೋಧಕಗಳು: ಒಂದು ತಂತಿಯಿಂದ 5 ವೋಲ್ಟಿಗೊಂದು, ಇನ್ನೊಂದರಿಂದ ಗ್ರೌಂಡಿಗೊಂದು 560 ಓಮ್. ನಡುವಿನ 60 ಓಮ್ (ಎರಡು ತುದಿಗಳ 120 ಓಮ್‌ಗಳು ಸಮಾನಾಂತರವಾಗಿ) ಸೇರಿಸಿ 5 ವೋಲ್ಟಿಗೆ ಲೆಕ್ಕ ಹಾಕಿದರೆ ಹಗಲೂ ರಾತ್ರಿಯೂ 4.2 ಮಿಲಿಆಂಪಿಯರ್. ಎಂಟು 487 ಸೇರಿ ಕುಡಿಯುವುದೇ ಒಂದು ಮಿಲಿಆಂಪಿಯರ್!

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಎಚ್‌ವಿಡಿ 3082 ಇಲ್ಲೇ ಮುಂದೆ ಬಂದದ್ದು. ಒಂದೊಂದಕ್ಕೆ 300 ಮೈಕ್ರೊಆಂಪಿಯರ್, 487ಕ್ಕಿಂತ ಹೆಚ್ಚೇ. ಆದರೆ ಅದರ ನಿರ್ಣಯದ ಗೆರೆ ಸೊನ್ನೆಗಿಂತ ಕೆಳಗಿದೆ, −10ರಿಂದ −200 ಮಿಲಿವೋಲ್ಟ್ ನಡುವೆ. ಸುಮ್ಮನಿರುವ ತಂತಿಯನ್ನು ಅದು 'ಒಂದು' ಎಂದೇ ಓದುತ್ತದೆ, ಬಯಾಸ್ ಬೇಕಿಲ್ಲ. ಎಂಟೂ ಸೇರಿ 2.4 ಮಿಲಿಆಂಪಿಯರ್, 487ರ ಏರ್ಪಾಡಿನಲ್ಲಿ 5.2. ಪಂಪ್ ತಂತಿಯಲ್ಲಿ ಎಬ್ಬಿಸುವ ವಿದ್ಯುತ್ ಗದ್ದಲಕ್ಕೂ ಅದು ಜಗ್ಗಲಿಲ್ಲ. ಟರ್ಮಿನೇಷನ್ ಕಿತ್ತೂ ನೋಡಿದೆ. ನಮ್ಮ ಗಿಡ್ಡ ತಂತಿ, 9600ರ ವೇಗಕ್ಕೆ ನಡೆಯಿತು. ಆದರೂ ಮೋಟರಿನ ಪಕ್ಕದಲ್ಲೇ ತಂತಿ ಹಾಯುವುದರಿಂದ ಮರಳಿ ಹಾಕಿದೆ.

"ಇಷ್ಟು ಸಣ್ಣ ಚಿಪ್ಪಿಗೆ ಇಷ್ಟು ರೊಕ್ಕವೇನಪ್ಪ?" ಎಂದರು ಸೊಸೈಟಿಯ ಲೆಕ್ಕ ನೋಡುವ ವಿಜಯಪುರದ ಕಾಕಾ.

"ಕಾಕಾ, ದೊಡ್ಡ ಬ್ಯಾಟರಿಯ ರೊಕ್ಕ ಉಳಿಯುತ್ತದೆ" ಎಂದೆ. ಸಹಿ ಹಾಕಿದರು.

ಇನ್ನೊಂದು ಮಾತು. 3082ರ ಮೇಲೆ 15 ಕಿಲೊವೋಲ್ಟ್ ರಕ್ಷಣೆ ಎಂದಿರುವುದು ಬೆರಳಿನ ಕಿಡಿಗೆ, ಸಿಡಿಲಿಗಲ್ಲ. ತಾರಸಿಯ ತಂತಿಗೆ ಎಸ್‌ಎಂ 712ರಂಥ ಟಿವಿಎಸ್ ಡಯೋಡ್ (ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಡಯೋಡ್) ಪ್ರತ್ಯೇಕವಾಗಿ ಬೇಕು. −7ರಿಂದ +12 ವೋಲ್ಟ್ ಎಂಬ ಆರ್‌ಎಸ್-485ರ ವ್ಯಾಪ್ತಿಗೆಂದೇ ಅದನ್ನು ಮಾಡಿದ್ದಾರೆ.