ಹಿತ್ತಲಿನ ಜಲಪಾತ: ಸಿಮೆಂಟು, ಫೈಬರ್, ಬಿಡಿಗಲ್ಲು

ಹಿತ್ತಲಿನ ಕೊಳಕ್ಕೆ ಪುಟ್ಟ ಜಲಪಾತ ಬೇಕೆನ್ನುವವರಿಗೆ ನಾನು ಹೇಳುವುದು ಒಂದೇ: ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಬಿಡಿಗಲ್ಲು ಜೋಡಿಸಿ. ಸಿಮೆಂಟಿಗೂ ಫೈಬರಿಗೂ ದುಡ್ಡು ಸುರಿದ ಮೇಲೆ ನಾನು ತಲುಪಿದ ಜಾಗ ಇದು.

ಮೈಸೂರಿನ ನಮ್ಮ ಮನೆಯ ಹಿಂದಿನ ಕೊಳ ಎಂಟು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳ. ನೈದಿಲೆ ಇದೆ, ಸೊಳ್ಳೆಮರಿ ತಿನ್ನಲು ಗಪ್ಪಿ ಮೀನುಗಳಿವೆ. ಮೊದಲು ಗಾರೆಯವರಿಂದ ಸಿಮೆಂಟು ಮೆತ್ತಿಸಿ ಕಲ್ಲುಗಳ ಜಲಪಾತ ಕಟ್ಟಿಸಿದೆವು. ನೋಡಲು ಅಂದವಾಗಿತ್ತು. ಆದರೆ ಕೊಳದ ನೀರು ದಿನಕ್ಕೆ ಎರಡು ಅಂಗುಲ ಇಳಿಯತೊಡಗಿತು. ಈ ಅಳತೆಯ ಕೊಳದಲ್ಲಿ ಒಂದು ಅಂಗುಲವೆಂದರೆ ಸುಮಾರು 113 ಲೀಟರ್! ಏಪ್ರಿಲ್ ಬಿಸಿಲಿಗೆ ಆರುತ್ತಿದೆಯೆಂದು ಎರಡು ವಾರ ನಂಬಿಕೊಂಡು ದಿನವೂ ನೀರು ತುಂಬಿಸಿದೆ. ಕೊನೆಗೆ ಒಂದು ರಾತ್ರಿ, ಕೊಳದ ನೀರನ್ನು ಜಲಪಾತಕ್ಕೆ ಎತ್ತುವ ಪಂಪ್ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ಬೆಳಿಗ್ಗೆ ನೀರು ಗೆರೆಯಲ್ಲೇ ನಿಂತಿತ್ತು. ಸೋರುತ್ತಿದ್ದದ್ದು ಕೊಳವಲ್ಲ, ಜಲಪಾತ.

ಬಿರುಕುಗಳನ್ನು ಹುಡುಕಿ ಮೆತ್ತಿಸಿದೆ. ನೀರು ಮತ್ತೆ ಇಳಿಯಿತು. ಪಂಪ್ ಓಡುವಾಗ ಕೊಳದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಮೊಬೈಲ್ ಟಾರ್ಚ್ ಹಿಡಿದು ಕಲ್ಲಿನ ಅಡಿಯನ್ನು ನೋಡಿದಾಗ ಗುಟ್ಟು ತಿಳಿಯಿತು. ನೀರು ಬೀಳುವ ಅಂಚನ್ನು ಗಾರೆಯವರು ದುಂಡಗೆ, ನುಣ್ಣಗೆ ತೀಡಿದ್ದರು. ನೀರಿನ ಒಂದು ಪಾಲು ಆ ಅಂಚಿಗೆ ಅಂಟಿಕೊಂಡು ಅಡಿಗೆ ಹೊರಳಿ, ಹಿಂದಕ್ಕೆ ಹರಿದು ಮಣ್ಣು ಸೇರುತ್ತಿತ್ತು. ಚೊಂಬನ್ನು ಮೆಲ್ಲಗೆ ಬಗ್ಗಿಸಿದರೆ ನೀರು ಚೊಂಬಿನ ಮೈಮೇಲೆಯೇ ಇಳಿಯುತ್ತದಲ್ಲ, ಹಾಗೆ.

ಪರಿಹಾರ ತೋರಿಸಿದವರು ನಮ್ಮ ಮಾವನವರು. ಅಡುಗೆಮನೆ ಕಿಟಕಿಯ ಸಜ್ಜಾದತ್ತ ಕೈ ಮಾಡಿ, “ಅದರ ಅಡಿಯಲ್ಲಿ ಅಂಚಿನುದ್ದಕ್ಕೂ ಒಂದು ಗೀರು ಇದೆ, ನೋಡಮ್ಮ. ಮಳೆನೀರು ಗೋಡೆಗೆ ಬರದೆ ಅಲ್ಲೇ ತೊಟ್ಟಿಕ್ಕುವುದು ಅದರಿಂದ” ಎಂದರು. ಈ ಮನೆಯಲ್ಲಿ ಹನ್ನೊಂದು ವರ್ಷ ಇದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಆದರೆ ಕಟ್ಟಿ ಮುಗಿದ ಜಲಪಾತದಲ್ಲಿ ಅಡಿಯಿಂದ ಗೀರು ಕೊರೆಯಲು ಯಂತ್ರ ಹಿಡಿಯುವಷ್ಟು ಜಾಗವೇ ಇರಲಿಲ್ಲ, ಒಡೆಯಬೇಕಾಯಿತು. ಹೊಸ ಸಿಮೆಂಟಿನ ಸುಣ್ಣದಂಶ ನೀರಿಗಿಳಿದು ಮೊದಲ ವಾರವೇ ಗಪ್ಪಿಗಳು ಸತ್ತಿದ್ದವು. ಹಲವು ಬಾರಿ ನೀರು ತುಂಬಿಸಿ, ಖಾಲಿ ಮಾಡಿದ ಮೇಲೆಯೇ ಮೀನು ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಆ ನೋವು ಇನ್ನೂ ಇದೆ.

ಆಮೇಲೆ ತಂದಿಟ್ಟ ಸಿದ್ಧ ಫೈಬರ್ ಜಲಪಾತ ಸೋರಲಿಲ್ಲ, ಅರ್ಧ ಗಂಟೆಯಲ್ಲಿ ಕೂರಿಸಿಯೂ ಆಯಿತು. ಆದರೆ ನೀರು ಬಿದ್ದರೆ ಖಾಲಿ ಡಬ್ಬದ ಸದ್ದು. ನಾಲ್ಕು ತಿಂಗಳಿಗೆ ತೆಗೆಸಿದೆ.

ಈಗಿರುವುದಕ್ಕೆ ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ, ಹಾಳೆಯನ್ನೇ ತಂದೆ. ಅಡಿಗೆ ಹಳೆಯ ಗೋಣಿಚೀಲ, ಮೇಲೆ ಹಾಳೆ, ಎರಡೂ ಬದಿಯಲ್ಲಿ ಹಾಳೆಯನ್ನು ಅರ್ಧ ಅಡಿ ಎತ್ತಿ ಕಲ್ಲಿನ ಹಿಂದೆ ಮರೆಸಿದ್ದೇನೆ. ಹಾಳೆ ಬಿರುಸು, ಮೂಲೆಗಳಲ್ಲಿ ಮಡಚಲು ಒಂದು ಮಧ್ಯಾಹ್ನವೇ ಹೋಯಿತು. ಅಂಚಿಗೆ ಸಾದರಹಳ್ಳಿ ಕಲ್ಲಿನ ಚಪ್ಪಡಿ. ಕೂರಿಸುವ ಮೊದಲೇ ಅಡಿಯಲ್ಲಿ ಗೀರು ಹೊಡೆಸಿ, ತುಸು ಮುಂದಕ್ಕೆ ಬಾಗಿಸಿಟ್ಟೆ. ಕಲ್ಲಿನ ಹಿಂದೆ ತಪ್ಪಿ ಹೋದ ನೀರೂ ಹಾಳೆಯ ಮೇಲೆ ಹರಿದು ಕೊಳಕ್ಕೇ ಮರಳುತ್ತದೆ. ಇದನ್ನು ಮೆಚ್ಚಲು ನನಗೆ ಅಷ್ಟೇ ಸಾಕು.

ಪಂಪ್ ಹಳೆಯದೇ, 40 ವಾಟ್. ಪೆಟ್ಟಿಗೆಯ ಮೇಲೆ ಗಂಟೆಗೆ 3000 ಲೀಟರ್ ಎಂದಿದೆ. ಮೂರಡಿ ಎತ್ತರದಲ್ಲಿ 15 ಲೀಟರ್ ಬಕೆಟ್ ತುಂಬಲು ಅರ್ಧ ನಿಮಿಷ ಹಿಡಿಯಿತು, ಅಂದರೆ ಸಿಗುವುದು 1800 ಮಾತ್ರ. ಅದಕ್ಕೇ ಅಂಚನ್ನು ಒಂದೂವರೆ ಅಡಿಯಿಂದ ಎಂಟು ಅಂಗುಲಕ್ಕೆ ಕಿರಿದಾಗಿಸಿದೆ. ಮೊದಲು ಎಳೆಎಳೆಯಾಗಿ ಬೀಳುತ್ತಿದ್ದ ನೀರು ಈಗ ಪರದೆಯಂತೆ ಇಳಿಯುತ್ತದೆ.

ಎರಡು ತಿಂಗಳಿಗೊಮ್ಮೆ ಕಲ್ಲು ತೆಗೆದು ಪಾಚಿ ಉಜ್ಜುವುದು ನನಗೆ ಇಷ್ಟದ ಕೆಲಸ. ಅದು ಆಗದವರಿಗೆ, ಸದ್ದಿನ ಚಿಂತೆಯಿಲ್ಲದವರಿಗೆ ಫೈಬರ್ ಸರಿ. ಬಿಡಿಗಲ್ಲಿನ ಜಲಪಾತದ ಖರ್ಚು ಸಿಮೆಂಟಿನದಕ್ಕೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ, ಕೂಲಿ ಉಳಿಯಿತು. ಪೆನ್ಸಿಲ್ ಗೆರೆ ಗೋಡೆಯ ಮೇಲೆ ಇನ್ನೂ ಇದೆ. ಈ ಬೇಸಿಗೆಯಲ್ಲಿ ನೀರು ಅದರಿಂದ ದಿನಕ್ಕೆ ಕಾಲು ಅಂಗುಲದಷ್ಟು ಇಳಿಯುತ್ತಿದೆ.