ಶಾಲೆ ನಡೆಯುವಾಗ ಊರಿಗೆ ಹೋಗಲು ರಜೆ ಅರ್ಜಿ (ಇಂಗ್ಲೆಂಡ್): ಐದಕ್ಕೆ ಎರಡು ಸ್ಟಾರ್

ಇಂಗ್ಲೆಂಡಿನ ಸರ್ಕಾರಿ ಶಾಲೆಗಳು ಕೊಡುವ ‘ಲೀವ್ ಆಫ್ ಆಬ್ಸೆನ್ಸ್’ ಫಾರ್ಮ್ ತುಂಬುವುದು ಸುಲಭ. ಮಗುವಿನ ಹೆಸರು, ತರಗತಿ, ಹೋಗಿ ಬರುವ ತಾರೀಖು, ಕಾರಣ, ಅಷ್ಟೇ. ಫಾರ್ಮ್ ಕೊಟ್ಟಾಯ್ತಲ್ಲ ಅಂತ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಿದಿರೋ, ಕೆಟ್ಟಿರಿ. 2013ರಿಂದ ಹೆಡ್‌ಟೀಚರ್ ಒಪ್ಪಬೇಕಾದರೆ ‘ಅಸಾಧಾರಣ ಸಂದರ್ಭ’ ಇರಲೇಬೇಕು. ಅಗ್ಗದ ಟಿಕೆಟ್ಟಾಗಲಿ, ಅಜ್ಜಿ ತಾತನನ್ನು ನೋಡುವ ಆಸೆಯಾಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಮದುವೆ, ಮುಂಜಿ ಎಂದರೆ ಆಯಾ ಹೆಡ್‌ಟೀಚರ್ ಮರ್ಜಿ. ಹೋಗಿಬಂದ ಮೇಲೆ ಕೊಟ್ಟ ಅರ್ಜಿಗೆ ಬೆಲೆಯೇ ಇಲ್ಲ.

ಒಪ್ಪಿಗೆ ಸಿಗದೆಯೂ ಹೋದರೆ ದಂಡ ಬೀಳಬಹುದು, ಅದೂ ಮನೆಗೊಂದಲ್ಲ, ತಲೆಗಿಷ್ಟು. ಒಂದೊಂದು ಮಗುವಿಗೂ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ ನೋಟಿಸ್ ಬರುತ್ತದೆ. 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ 28ನೇ ದಿನದವರೆಗೆ 160. ಇಬ್ಬರು ಮಕ್ಕಳಿದ್ದರೆ ಕನಿಷ್ಠ 320 ಪೌಂಡ್ ಹೋಯಿತು. ಟಿಕೆಟ್‌ನಲ್ಲಿ ಉಳಿಸಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಅದೇ ಮಗುವಿನ ವಿಷಯದಲ್ಲಿ 3 ವರ್ಷದೊಳಗೆ ಎರಡನೇ ನೋಟಿಸ್ ಬಂದರೆ ರಿಯಾಯಿತಿ ಇಲ್ಲ, ನೇರವಾಗಿ 160. ಮೂರನೇ ಸಲ ನೋಟಿಸ್ ಬರುವುದಿಲ್ಲ, ಕೌನ್ಸಿಲ್ (ಸ್ಥಳೀಯ ಆಡಳಿತ) ಕೋರ್ಟಿಗೆ ಹೋಗಬಹುದು. ಅಲ್ಲಿ ದಂಡ 2,500 ಪೌಂಡ್‌ವರೆಗೂ ಏರಬಹುದು. ನೋಟಿಸ್ ವಿರುದ್ಧ ಅಪೀಲಿಗೆ ಅವಕಾಶವಿಲ್ಲ.

‘ನಾಲ್ಕೇ ದಿನ ಆದರೆ ಏನೂ ಆಗಲ್ಲ’ ಎಂಬ ವಾಟ್ಸಾಪ್ ಸಲಹೆ ನಂಬಬೇಡಿ. ಒಪ್ಪಿಗೆಯಿಲ್ಲದ ಗೈರಿಗೆ ಮಿತಿ ಇರುವುದು 10 ಸೆಷನ್ (ಒಂದು ಸೆಷನ್ ಎಂದರೆ ಅರ್ಧ ದಿನ). ದಿನಕ್ಕೆ ಎರಡು ಸೆಷನ್‌ನಂತೆ ಐದು ದಿನ ನಿಜ. ಆದರೆ ಎಣಿಸುವುದು ಈ ಒಂದು ಪ್ರವಾಸವನ್ನಷ್ಟೇ ಅಲ್ಲ, ಶಾಲೆಯ 10 ವಾರಗಳ ಅವಧಿಯಲ್ಲಿ ಆದ ಅಂಥ ಗೈರುಗಳನ್ನೆಲ್ಲ. ಹಾಜರಿ ರಿಜಿಸ್ಟರ್ ಮುಚ್ಚಿದ ಮೇಲೆ ತಡವಾಗಿ ಬಂದ ಬೆಳಗ್ಗೆಗಳೂ ಅದರಲ್ಲಿ ಸೇರುತ್ತವೆ. ಅದಕ್ಕಿಂತ ಕಡಿಮೆ ಇದ್ದರೂ ಕೌನ್ಸಿಲ್ ನೋಟಿಸ್ ಕೊಡಬಹುದು. ಜ್ವರ ಅಂತ ಸುಳ್ಳು ಹೇಳುವವರಿಗೆ ಇನ್ನೊಂದು ಮಾತು: ಐದು ವರ್ಷದ ಮಗು ಅಜ್ಜಿ ಮನೆಯ ಸುದ್ದಿಯನ್ನು ಕ್ಲಾಸಿನಲ್ಲಿ ಹೇಳದೆ ಇರುವುದಿಲ್ಲ.

ಎರಡು ಸ್ಟಾರ್ ಕೊಟ್ಟಿದ್ದು ತೀರಾ ಚಿಕ್ಕ ಮಕ್ಕಳ ಸಲುವಾಗಿ. ಕಡ್ಡಾಯ ಶಾಲಾ ವಯಸ್ಸು ಶುರುವಾಗುವುದು ಮಗುವಿಗೆ ಐದು ತುಂಬಿದ ನಂತರದ ಟರ್ಮ್‌ನಿಂದ. ಅದಕ್ಕೆ ಗಡುವು ಡಿಸೆಂಬರ್ 31, ಮಾರ್ಚ್ 31, ಆಗಸ್ಟ್ 31. ಜೂನ್‌ನಲ್ಲಿ ಹುಟ್ಟಿದ ಮಗು ರಿಸೆಪ್ಷನ್ ತರಗತಿಯಲ್ಲಿದ್ದರೆ (ಶಾಲೆಯ ಮೊದಲ ವರ್ಷ) ಆ ವರ್ಷವಿಡೀ ದಂಡ ಹಾಕಲು ಬರುವುದಿಲ್ಲ. ನವೆಂಬರ್‌ನಲ್ಲಿ ಹುಟ್ಟಿದ್ದಕ್ಕೆ ಈ ಅವಕಾಶ ಡಿಸೆಂಬರ್‌ಗೇ ಮುಗಿಯಿತು. ಹಾಗಿದ್ದರೂ ಅರ್ಜಿ ಕೊಟ್ಟೇ ಹೋಗಿ, ಹೇಳದೆ ಹೋದರೆ ಶಾಲೆಯವರು ಮಗು ಎಲ್ಲಿ ಅಂತ ಹುಡುಕುತ್ತಾರೆ.

ದೊಡ್ಡ ಮಕ್ಕಳಿದ್ದರೆ ‘ಇನ್‌ಸೆಟ್ ಡೇ’ ನೋಡಿಕೊಳ್ಳಿ. ಟೀಚರ್‌ಗಳ ತರಬೇತಿಗೆಂದು ವರ್ಷಕ್ಕೆ ಐದು ದಿನ ಮಕ್ಕಳಿಗೆ ಶಾಲೆ ಇರುವುದಿಲ್ಲ, ಹಾಫ್ ಟರ್ಮ್‌ಗೆ (ಟರ್ಮ್ ನಡುವಿನ ರಜೆ) ಅಂಟಿಕೊಂಡು ಬಂದರೆ ಒಂದು ದಿನ ಮೊದಲೇ ಹೊರಡಬಹುದು. ದೀಪಾವಳಿಗೆ ಧಾರ್ಮಿಕ ರಜೆ ಕೇಳಬಹುದು, ಆದರೆ ಅದು ಹಬ್ಬದ ದಿನಕ್ಕೆ ಮಾತ್ರ; ಪ್ರಯಾಣದ ದಿನಗಳಿಗೆ ಅನ್ವಯಿಸುವುದಿಲ್ಲ. ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿರುವವರಿಗೆ ನಿಯಮವೇ ಬೇರೆ, ಮೇಲಿನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.